ಬ್ಯಾಕ್ಟೀರಿಯಾ ಕೋಶದಲ್ಲಿ ಪ್ರೋಟೀನ್ ತಯಾರಾಗುವ ಬಗೆ: ಪೆನ್ಸಿಲ್ ಹಿಡಿದು ಹಂತ ಹಂತವಾಗಿ

ಪ್ರೋಟೀನ್ ತಯಾರಿಕೆಯ ಕುರಿತು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಎ, ಪಿ, ಇ ತಾಣಗಳ ಹೆಸರು ಬಾಯಿಪಾಠವಾಗಿದೆ, ನೆರವಾಗುವ ಅಂಶಗಳ ಪಟ್ಟಿಯೂ ಗೊತ್ತಿದೆ, ಆದರೆ ಯಾವ ಕ್ಷಣದಲ್ಲಿ ಯಾವುದು ಎಲ್ಲಿರುತ್ತದೆ ಎಂದು ಕೇಳಿದ ಕೂಡಲೇ ಎಲ್ಲವೂ ಕಲಸಿಹೋಗುತ್ತದೆ; ಇದನ್ನು ಬಿಡಿಸಿಕೊಳ್ಳುವುದು ಹೇಗೆ? ನನ್ನ ಉತ್ತರವೂ ಪ್ರತಿ ಸಲ ಒಂದೇ: ಪಟ್ಟಿಯನ್ನು ಬದಿಗಿಡಿ, ಒಂದು ಚಿಕ್ಕ ಎಂ-ಆರ್‌ಎನ್‌ಎಯನ್ನು ಕಾಗದದ ಮೇಲೆ ಬರೆದುಕೊಳ್ಳಿ, ಅದರ ಮೇಲೆ ರೈಬೋಸೋಮನ್ನು ನಿಮ್ಮ ಕೈಯಾರೆ ನಡೆಸಿ, ಪ್ರತಿ ಹೆಜ್ಜೆಯಲ್ಲೂ ಬೆಳೆಯುತ್ತಿರುವ ಅಮೈನೊ ಆಮ್ಲಗಳ ಸರಪಳಿ (ಪ್ರೋಟೀನ್ ಆಗುವುದು ಇದೇ) ಯಾವ ಟಿ-ಆರ್‌ಎನ್‌ಎಯ ಮೇಲೆ ಕುಳಿತಿದೆ ಎಂಬುದನ್ನು ಮಾತ್ರ ಗಮನಿಸಿ. ಅದೊಂದು ಸ್ಪಷ್ಟವಾದರೆ ಉಳಿದ ಹೆಸರುಗಳು ತಾವಾಗಿ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಬೇಕಾಗುವುದು

ಗೆರೆಯಿಲ್ಲದ ಒಂದು ಹಾಳೆ, ಪೆನ್ಸಿಲ್, ರಬ್ಬರ್, ಹಾಗೂ ಯಾವುದೇ ಜೀವಶಾಸ್ತ್ರ ಪಠ್ಯಪುಸ್ತಕದಲ್ಲಿ ಸಿಗುವ ಕೋಡಾನ್ ಕೋಷ್ಟಕ. ಕೋಡಾನ್ ಎಂದರೆ ಎಂ-ಆರ್‌ಎನ್‌ಎಯ ಮೂರು ಅಕ್ಷರಗಳ ಗುಂಪು. ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದ ಇಂಥ 64 ಗುಂಪುಗಳು ಸಾಧ್ಯ; ಅವುಗಳಲ್ಲಿ 61 ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಯುಎಎ, ಯುಎಜಿ ಮತ್ತು ಯುಜಿಎ ಎಂಬ ಮೂರು ‘ಇಲ್ಲಿ ನಿಲ್ಲಿಸು’ ಎನ್ನುತ್ತವೆ.

ಎಂ-ಆರ್‌ಎನ್‌ಎ ಎಂಬುದು ಜೀನಿನ ನಕಲು. ಟಿ-ಆರ್‌ಎನ್‌ಎ ಎಂಬುದು ಸುಮಾರು 76 ಅಕ್ಷರಗಳ ಪುಟ್ಟ ಆರ್‌ಎನ್‌ಎ. ಅದರ ಒಂದು ತುದಿಯಲ್ಲಿ ಕೋಡಾನಿಗೆ ಜೋಡಿಯಾಗುವ ಪ್ರತಿಕೋಡಾನ್ ಇರುತ್ತದೆ, ಸಿಸಿಎ ಎಂದು ಮುಗಿಯುವ ಇನ್ನೊಂದು ತುದಿಗೆ ಅಮೈನೊ ಆಮ್ಲ ಅಂಟಿಕೊಳ್ಳುತ್ತದೆ. ರೈಬೋಸೋಮಿನಲ್ಲಿ ಟಿ-ಆರ್‌ಎನ್‌ಎಗಳು ಕೂರುವ ಮೂರು ತಾಣಗಳಿವೆ: ಹೊಸದು ಬರುವುದು ಎ ತಾಣಕ್ಕೆ, ಸರಪಳಿ ಹೊತ್ತದ್ದು ಕಾಯುವುದು ಪಿ ತಾಣದಲ್ಲಿ, ಬರಿದಾದದ್ದು ಹೊರಹೋಗುವುದು ಇ ತಾಣದಿಂದ. ಬ್ಯಾಕ್ಟೀರಿಯಾದ ರೈಬೋಸೋಮನ್ನು 70ಎಸ್ ಎನ್ನುತ್ತಾರೆ. ಅದರ ಚಿಕ್ಕ ಭಾಗ 30ಎಸ್, ದೊಡ್ಡ ಭಾಗ 50ಎಸ್. ಮೂವತ್ತು ಮತ್ತು ಐವತ್ತು ಸೇರಿ ಎಂಬತ್ತಾಗಬೇಕಲ್ಲವೇ ಎಂಬ ಸಂದೇಹ ಬಹಳ ಜನರಿಗೆ ಬರುತ್ತದೆ. ಇಲ್ಲಿನ ‘ಎಸ್’ ತೂಕದ ಅಳತೆಯಲ್ಲ, ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತದೆ ಎಂಬುದರ ಅಳತೆ. ಅದು ಆಕಾರವನ್ನೂ ಅವಲಂಬಿಸುವುದರಿಂದ ಕೂಡಿಸಲು ಬರುವುದಿಲ್ಲ.

ಹಾಳೆಯ ಮೇಲ್ಭಾಗದಲ್ಲಿ, ಎಡಗಡೆ 5′ ಮತ್ತು ಬಲಗಡೆ 3′ ಎಂದು ಗುರುತಿಸಿ (ಆರ್‌ಎನ್‌ಎ ಎಳೆಯ ಎರಡು ತುದಿಗಳ ಹೆಸರು ಇವು), ಕೆಳಗಿನ 35 ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ:

5′ ಯು-ಯು-ಎ-ಎ-ಜಿ-ಜಿ-ಎ-ಜಿ-ಜಿ-ಯು-ಎ-ಎ-ಸಿ-ಎ-ಯು-ಎ-ಯು-ಜಿ-ಜಿ-ಸಿ-ಯು-ಎ-ಎ-ಎ-ಯು-ಯು-ಸಿ-ಜಿ-ಜಿ-ಯು-ಯು-ಎ-ಎ-ಜಿ-ಸಿ 3′

ಇದು ಅಭ್ಯಾಸಕ್ಕೆಂದು ನಾನೇ ಹೆಣೆದದ್ದು. ನಿಜವಾದ ಜೀನುಗಳು ಇದಕ್ಕಿಂತ ಬಹಳ ಉದ್ದ. ‘ಎ’ ಎಂಬುದು ಅಕ್ಷರದ ಹೆಸರೂ ಹೌದು, ರೈಬೋಸೋಮಿನ ಒಂದು ತಾಣದ ಹೆಸರೂ ಹೌದು. ಗೊಂದಲವಾಗದಂತೆ ತಾಣವನ್ನು ಪ್ರತಿ ಸಲವೂ ‘ಎ ತಾಣ’ ಎಂದೇ ಬರೆಯಿರಿ.

ಹಂತ 1: ಟಿ-ಆರ್‌ಎನ್‌ಎಗೆ ಅಮೈನೊ ಆಮ್ಲವನ್ನು ಹೊರಿಸುವುದು

ಈ ಹಂತ ರೈಬೋಸೋಮಿನ ಹೊರಗೆ ನಡೆಯುವುದರಿಂದ ಅನೇಕರು ಇದನ್ನು ಪೀಠಿಕೆಯೆಂದು ಹಾರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಏಕೆಂದರೆ ಕೋಡಾನ್ ಕೋಷ್ಟಕಕ್ಕೆ ಅರ್ಥ ಬರುವುದೇ ಇಲ್ಲಿ. ಅಮೈನೊಅಸೈಲ್ ಟಿ-ಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವ ತನಗೆ ಸೇರಿದ ಅಮೈನೊ ಆಮ್ಲವನ್ನು ಗುರುತಿಸಿ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಎಎಂಪಿಗೆ ಇಳಿಸಿ, ಆ ಶಕ್ತಿಯಿಂದ ಅದನ್ನು ಸರಿಯಾದ ಟಿ-ಆರ್‌ಎನ್‌ಎಯ ತುದಿಗೆ ಬೆಸೆಯುತ್ತದೆ. ಎರಡು ಫಾಸ್ಫೇಟ್ ಬಂಧಗಳು ಖರ್ಚಾಗುವುದರಿಂದ ಇದನ್ನು ಎರಡು ಎಟಿಪಿಗೆ ಸಮವೆಂದು ಲೆಕ್ಕ ಹಿಡಿಯುತ್ತಾರೆ.

ರೈಬೋಸೋಮ್ ಅಮೈನೊ ಆಮ್ಲ ಸರಿಯೋ ತಪ್ಪೋ ಎಂದು ಪರಿಶೀಲಿಸುತ್ತದೆ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಅದು ನೋಡುವುದು ಕೋಡಾನ್ ಮತ್ತು ಪ್ರತಿಕೋಡಾನಿನ ಜೋಡಿಯನ್ನು. 1962ರಲ್ಲಿ ಶಾಪ್‌ವಿಲ್, ಲಿಪ್‌ಮನ್ ಮತ್ತು ಸಂಗಡಿಗರು ಸಿಸ್ಟೀನ್ ಹೊತ್ತ ಟಿ-ಆರ್‌ಎನ್‌ಎಯನ್ನು ತೆಗೆದುಕೊಂಡು, ಅದರ ಮೇಲಿದ್ದ ಸಿಸ್ಟೀನನ್ನು ರಾಸಾಯನಿಕವಾಗಿ ಅಲನೀನ್ ಆಗಿ ಬದಲಿಸಿದರು. ಸಿಸ್ಟೀನ್ ಬರಬೇಕಾದ ಜಾಗಕ್ಕೆ ಅಲನೀನ್ ಬಂದು ಸೇರಿತು, ರೈಬೋಸೋಮ್ ಅದನ್ನು ತಡೆಯಲಿಲ್ಲ. ಆದ್ದರಿಂದ ಹಾಳೆಯ ಒಂದು ಮೂಲೆಯಲ್ಲಿ ಮೆಥಿಯೊನೀನ್, ಅಲನೀನ್, ಲೈಸೀನ್, ಫಿನೈಲ್‌ಅಲನೀನ್ ಮತ್ತು ಗ್ಲೈಸೀನ್ ಹೊತ್ತ ಐದು ಟಿ-ಆರ್‌ಎನ್‌ಎಗಳನ್ನು ಈಗಲೇ ಬಿಡಿಸಿಟ್ಟುಕೊಳ್ಳಿ.

ಮೆಥಿಯೊನೀನ್ ಹೊತ್ತದ್ದರ ಮೇಲೆ ಒಂದು ಚಿಕ್ಕ ಟೋಪಿ ಬರೆಯಿರಿ. ಬ್ಯಾಕ್ಟೀರಿಯಾಗಳಲ್ಲಿ ಆರಂಭಕ್ಕೆಂದೇ ಮೀಸಲಾದ ಟಿ-ಆರ್‌ಎನ್‌ಎ ಇದೆ. ಅದರ ಮೆಥಿಯೊನೀನಿಗೆ ಫಾರ್ಮೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಸೇರಿಕೊಂಡು ಅದು ಫಾರ್ಮೈಲ್‌ಮೆಥಿಯೊನೀನ್ ಆಗುತ್ತದೆ. ಸರಪಳಿಯ ನಡುವೆ ಬರುವ ಮೆಥಿಯೊನೀನಿಗೆ ಬೇರೆ ಟಿ-ಆರ್‌ಎನ್‌ಎ ಇದೆ, ಅದಕ್ಕೆ ಈ ಟೋಪಿ ಇರುವುದಿಲ್ಲ.

ಹಂತ 2: ಎಲ್ಲಿಂದ ಓದಬೇಕೆಂದು ಕಂಡುಕೊಳ್ಳುವುದು

ಹೆಚ್ಚಿನವರು ಎಡವುವುದು ಇಲ್ಲಿ. ಎಂ-ಆರ್‌ಎನ್‌ಎಯ ಮೊದಲ ಅಕ್ಷರದಿಂದಲೇ ಮೂರು ಮೂರಾಗಿ ಓದಲು ಆರಂಭಿಸಿದರೆ ಏನಾಗುತ್ತದೆ ನೋಡಿ: ನಮ್ಮ ಹಾಳೆಯಲ್ಲಿ ಯುಯುಎ, ಎಜಿಜಿ, ಎಜಿಜಿ, ಯುಎಎ ಎಂದು ಬರುತ್ತದೆ, ಅಂದರೆ ಲ್ಯೂಸೀನ್, ಆರ್ಜಿನೀನ್, ಆರ್ಜಿನೀನ್, ನಿಲುಗಡೆ. ನಿಜವಾದ ಸಂದೇಶ ಆರಂಭವಾಗುವ ಮೊದಲೇ ಕೆಲಸ ಮುಗಿದುಹೋಯಿತು! ಕೋಶ ಹೀಗೆ ಓದುವುದಿಲ್ಲ.

ಆರಂಭದ ಕೋಡಾನಿಗಿಂತ ಸಾಮಾನ್ಯವಾಗಿ ಐದರಿಂದ ಹತ್ತು ಅಕ್ಷರಗಳಷ್ಟು ಮುಂಚೆ ಎಜಿಜಿಎಜಿಜಿ ಅಥವಾ ಅದನ್ನು ಹೋಲುವ ತುಣುಕು ಇರುತ್ತದೆ. ಇದನ್ನು 1974ರಲ್ಲಿ ಗುರುತಿಸಿದ ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ ಅವರ ಹೆಸರಿನಿಂದ ಶೈನ್-ಡಾಲ್ಗಾರ್ನೊ ಅನುಕ್ರಮ ಎಂದು ಕರೆಯುತ್ತಾರೆ. ರೈಬೋಸೋಮಿನ ಚಿಕ್ಕ ಭಾಗದಲ್ಲಿರುವ 16ಎಸ್ ಆರ್‌ಎನ್‌ಎಯ 3′ ತುದಿಯ ಬಳಿ ಸಿಸಿಯುಸಿಸಿಯು ಎಂಬ ಅಕ್ಷರಗಳಿವೆ. ಅವು ಈ ತುಣುಕಿನೊಂದಿಗೆ ಜೋಡಿಯಾಗಿ, ಆರಂಭದ ಕೋಡಾನ್ ಸರಿಯಾಗಿ ಪಿ ತಾಣಕ್ಕೆ ಬಂದು ನಿಲ್ಲುವಂತೆ ಎಂ-ಆರ್‌ಎನ್‌ಎಯನ್ನು ಹಿಡಿದಿಡುತ್ತವೆ.

ನಿಮ್ಮ ಹಾಳೆಯಲ್ಲಿ ನಾಲ್ಕನೆಯ ಅಕ್ಷರದಿಂದ ಒಂಬತ್ತನೆಯದರವರೆಗೆ ಅಡಿಗೆರೆ ಎಳೆಯಿರಿ, ಅದೇ ಎಜಿಜಿಎಜಿಜಿ. ಅಲ್ಲಿಂದ ಆರು ಅಕ್ಷರ ಬಿಟ್ಟು 16, 17, 18ನೆಯ ಅಕ್ಷರಗಳನ್ನು ನೋಡಿ: ಎಯುಜಿ. ಓದುವುದು ಇಲ್ಲಿಂದ. ಅದರ ಮುಂದೆ ಮೂರು ಮೂರಕ್ಕೆ ಗೆರೆ ಹಾಕಿದರೆ ಎಯುಜಿ, ಜಿಸಿಯು, ಎಎಎ, ಯುಯುಸಿ, ಜಿಜಿಯು, ಯುಎಎ ಎಂದು ಸಿಗುತ್ತದೆ. ಒಂದೇ ಅಕ್ಷರ ತಪ್ಪಿ 17ರಿಂದ ಆರಂಭಿಸಿ ನೋಡಿ: ಯುಜಿಜಿ, ಸಿಯುಎ, ಎಎಯು, ಯುಸಿಜಿ, ಜಿಯುಯು, ಎಎಜಿ. ಅಮೈನೊ ಆಮ್ಲಗಳೆಲ್ಲ ಬದಲಾದವು, ನಿಲುಗಡೆಯ ಕೋಡಾನ್ ಕಾಣೆಯೇ ಆಯಿತು. ಓದಿನ ಚೌಕಟ್ಟು ಎಂದು ಪುಸ್ತಕಗಳಲ್ಲಿ ಹೇಳುವುದು ಇದನ್ನೇ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಬ್ಯಾಕ್ಟೀರಿಯಾಗಳಲ್ಲಿ ಜಿಯುಜಿ, ಕೆಲವೊಮ್ಮೆ ಯುಯುಜಿ ಕೂಡ ಆರಂಭದ ಕೋಡಾನ್ ಆಗಬಹುದು, ಆಗಲೂ ಮೊದಲು ಬರುವುದು ಫಾರ್ಮೈಲ್‌ಮೆಥಿಯೊನೀನೇ. ಹಾಗೆಯೇ ಒಂದು ಎಂ-ಆರ್‌ಎನ್‌ಎಯಲ್ಲಿ ಒಂದೇ ಪ್ರೋಟೀನಿನ ಸಂದೇಶ ಇರಬೇಕೆಂದಿಲ್ಲ, ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಲ್ಯಾಕ್ ಆಪೆರಾನಿನಲ್ಲಿ (ಆಪೆರಾನ್ ಎಂದರೆ ಒಟ್ಟಿಗೆ ನಕಲಾಗುವ ಜೀನುಗಳ ಗುಂಪು) ಮೂರು ಪ್ರೋಟೀನುಗಳ ಸಂದೇಶ ಒಂದೇ ಎಂ-ಆರ್‌ಎನ್‌ಎಯಲ್ಲಿದೆ, ಮೂರಕ್ಕೂ ಬೇರೆ ಬೇರೆ ಆರಂಭಗಳಿವೆ. 5′ ತುದಿಯಿಂದ ಹುಡುಕಿಕೊಂಡು ಬರದೆ ನಡುವಿನ ಆರಂಭವನ್ನೂ ರೈಬೋಸೋಮ್ ನೇರವಾಗಿ ಹಿಡಿಯಬಲ್ಲದು ಎಂಬುದು ಇದರಿಂದಲೇ ಅರ್ಥವಾಗುತ್ತದೆ.

ಹಂತ 3: ಆರಂಭದ ಜೋಡಣೆ

ಎಯುಜಿಯ ಮೇಲೆ ಮೊದಲು 30ಎಸ್ ಭಾಗವನ್ನಷ್ಟೇ ಬಿಡಿಸಿ. ಆರಂಭಕ್ಕೆ ನೆರವಾಗುವ ಮೂರು ಪ್ರೋಟೀನುಗಳಿವೆ. ಐಎಫ್3 ದೊಡ್ಡ ಭಾಗ ಅವಸರದಲ್ಲಿ ಬಂದು ಸೇರದಂತೆ ತಡೆಯುತ್ತದೆ, ಐಎಫ್1 ಎ ತಾಣವನ್ನು ಮುಚ್ಚಿಕೊಂಡು ಕೂರುತ್ತದೆ, ಎಟಿಪಿಯಂತೆಯೇ ಶಕ್ತಿ ಕೊಡುವ ಜಿಟಿಪಿ ಎಂಬ ಅಣುವನ್ನು ಹಿಡಿದ ಐಎಫ್2 ಫಾರ್ಮೈಲ್‌ಮೆಥಿಯೊನೀನ್ ಹೊತ್ತ ಟಿ-ಆರ್‌ಎನ್‌ಎಯನ್ನು ಪಿ ತಾಣಕ್ಕೆ ಕೂರಿಸುತ್ತದೆ. ಆನಂತರ 50ಎಸ್ ಬಂದು ಸೇರುತ್ತದೆ, ಜಿಟಿಪಿ ಒಡೆಯುತ್ತದೆ, ಅಂಶಗಳು ಹೊರಟುಹೋಗುತ್ತವೆ.

ಈಗ ಚಿತ್ರದಲ್ಲಿ ಪಿ ತಾಣ ತುಂಬಿದೆ. ಎ ತಾಣ ಖಾಲಿಯಾಗಿ ಜಿಸಿಯು ಮೇಲೆ ನಿಂತಿದೆ. ಮೊದಲ ಟಿ-ಆರ್‌ಎನ್‌ಎಯನ್ನು ಎ ತಾಣದಲ್ಲಿ ಬರೆದಿದ್ದರೆ ರಬ್ಬರ್ ತೆಗೆದುಕೊಳ್ಳಿ: ನೇರವಾಗಿ ಪಿ ತಾಣಕ್ಕೆ ಬರುವುದು ಅದೊಂದೇ, ಉಳಿದವೆಲ್ಲ ಎ ತಾಣದ ಬಾಗಿಲಿನಿಂದಲೇ ಬರಬೇಕು.

ಹಂತ 4: ಎ ತಾಣಕ್ಕೆ ಸರಿಯಾದ ಟಿ-ಆರ್‌ಎನ್‌ಎ ಬರುವುದು

ಇಎಫ್-ಟಿಯು ಎಂಬ ಪ್ರೋಟೀನ್ ಜಿಟಿಪಿಯೊಂದಿಗೆ ಟಿ-ಆರ್‌ಎನ್‌ಎಯನ್ನು ಎ ತಾಣಕ್ಕೆ ಕರೆತರುತ್ತದೆ. ಕೋಡಾನಿಗೆ ಪ್ರತಿಕೋಡಾನ್ ಹೊಂದಿದರೆ 16ಎಸ್ ಆರ್‌ಎನ್‌ಎಯ 1492 ಮತ್ತು 1493ನೆಯ ಅಡೆನೀನುಗಳು ಹೊರಕ್ಕೆ ಹೊರಳಿ ಮೊದಲೆರಡು ಅಕ್ಷರಜೋಡಿಗಳನ್ನು ತಡವಿ ನೋಡುತ್ತವೆ. ಜೋಡಿ ಸರಿಯಿದ್ದರೆ ಇಎಫ್-ಟಿಯು ತನ್ನ ಜಿಟಿಪಿಯನ್ನು ಒಡೆದು ಕೈಬಿಡುತ್ತದೆ, ಆಮೇಲೆ ಟಿ-ಆರ್‌ಎನ್‌ಎಯ ಅಮೈನೊ ಆಮ್ಲವಿರುವ ತುದಿ ಒಳಕ್ಕೆ ತಿರುಗಿ ಜಾಗ ಹಿಡಿಯುತ್ತದೆ. ಸಡಿಲವಾಗಿ ಹೊಂದಿದ ತಪ್ಪು ಟಿ-ಆರ್‌ಎನ್‌ಎ ಜಿಟಿಪಿ ಒಡೆಯುವ ಮೊದಲೂ ಜಾರಿಹೋಗಬಹುದು, ಒಡೆದ ಮೇಲೂ ಜಾರಿಹೋಗಬಹುದು. ಹೀಗೆ ಒಂದೇ ಜೋಡಿಗೆ ಎರಡು ಸಲ ಪರೀಕ್ಷೆ ನಡೆಯುವುದರಿಂದ, ಅನುವಾದದಲ್ಲಿ, ಅಂದರೆ ಕೋಡಾನುಗಳನ್ನು ಓದಿ ಪ್ರೋಟೀನ್ ಕಟ್ಟುವ ಈ ಕೆಲಸದಲ್ಲಿ, ತಪ್ಪು ಸಾಮಾನ್ಯವಾಗಿ ಸಾವಿರದಿಂದ ಹತ್ತು ಸಾವಿರ ಅಮೈನೊ ಆಮ್ಲಗಳಿಗೆ ಒಂದರಷ್ಟೇ ಆಗುತ್ತದೆ. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಅಚ್ಚರಿ ತರುವ ಭಾಗ ಇದೇ: ಕೋಶ ನಿಖರತೆಯನ್ನು ಜಿಟಿಪಿ ತೆತ್ತು ಕೊಳ್ಳುತ್ತದೆ.

ಪ್ರತಿಕೋಡಾನ್ ಬರೆಯುವಾಗ ದಿಕ್ಕು ತಪ್ಪಬೇಡಿ. ಯುಯುಸಿ ಕೋಡಾನಿಗೆ ಹೊಂದುವ ಪ್ರತಿಕೋಡಾನನ್ನು 5′ರಿಂದ 3′ಕ್ಕೆ ಬರೆದರೆ ಜಿಎಎ ಆಗುತ್ತದೆ, ಎಎಜಿ ಆಗುವುದಿಲ್ಲ, ಏಕೆಂದರೆ ಎರಡೂ ಎಳೆಗಳು ಎದುರುಬದುರು ದಿಕ್ಕಿನಲ್ಲಿ ಹೊಂದುತ್ತವೆ. ಮೂರನೆಯ ಅಕ್ಷರದಲ್ಲಿ ಪರೀಕ್ಷೆ ಅಷ್ಟು ಬಿಗಿಯಾಗಿಲ್ಲದ ಕಾರಣ ಇದೇ ಜಿಎಎ ಪ್ರತಿಕೋಡಾನ್ ಯುಯುಯು ಕೋಡಾನನ್ನೂ ಓದುತ್ತದೆ. ಈ ಸಡಿಲಿಕೆಗೆ ವಾಬಲ್ ಎಂದು ಹೆಸರು. 61 ಕೋಡಾನುಗಳಿಗೆ 61 ಬಗೆಯ ಟಿ-ಆರ್‌ಎನ್‌ಎಗಳು ಬೇಕಾಗದಿರುವುದು ಇದರಿಂದಲೇ.

ಹಂತ 5: ಪೆಪ್ಟೈಡ್ ಬಂಧ

ಇಲ್ಲಿ ಪೆನ್ಸಿಲನ್ನು ಒಂದು ಕ್ಷಣ ಕೆಳಗಿಟ್ಟು ಯೋಚಿಸಿ. ಪಿ ತಾಣದಲ್ಲಿ ಫಾರ್ಮೈಲ್‌ಮೆಥಿಯೊನೀನ್, ಎ ತಾಣದಲ್ಲಿ ಅಲನೀನ್ ಇದೆ. ಬಂಧ ಏರ್ಪಟ್ಟ ಮೇಲೆ ಎರಡೂ ಎಲ್ಲಿರುತ್ತವೆ?

ಅಲನೀನ್ ಹಾರಿ ಬಂದು ಪಿ ತಾಣದಲ್ಲಿರುವ ಮೆಥಿಯೊನೀನಿಗೆ ಸೇರಿಕೊಳ್ಳುತ್ತದೆ ಎಂದು ಬಹುತೇಕರು ಉತ್ತರಿಸುತ್ತಾರೆ. ನಡೆಯುವುದು ತಿರುಗುಮುರುಗು. ಎ ತಾಣದ ಅಲನೀನಿನ ಅಮೈನೊ ಗುಂಪು, ಪಿ ತಾಣದ ಮೆಥಿಯೊನೀನನ್ನು ಅದರ ಟಿ-ಆರ್‌ಎನ್‌ಎಗೆ ಬೆಸೆದಿರುವ ಬಂಧದ ಮೇಲೆ ಎರಗುತ್ತದೆ. ಮೆಥಿಯೊನೀನ್ ತನ್ನ ಟಿ-ಆರ್‌ಎನ್‌ಎಯನ್ನು ಬಿಟ್ಟು ಅಲನೀನಿನ ಮೇಲಕ್ಕೆ ಬರುತ್ತದೆ. ಮುಂದೆ ಸರಪಳಿ ನೂರು ಅಮೈನೊ ಆಮ್ಲಗಳಷ್ಟು ಉದ್ದವಾದಾಗಲೂ ಹೀಗೆಯೇ: ಇಡೀ ಸರಪಳಿ ಹೊಸದಾಗಿ ಬಂದ ಒಂದೇ ಅಮೈನೊ ಆಮ್ಲದ ಮೇಲಕ್ಕೆ ವರ್ಗವಾಗುತ್ತದೆ. ಹೀಗಾಗಿ ಬಂಧವಾದ ಕೂಡಲೇ ಸರಪಳಿ ಎ ತಾಣದ ಟಿ-ಆರ್‌ಎನ್‌ಎಯ ಮೇಲಿರುತ್ತದೆ, ಪಿ ತಾಣದ ಟಿ-ಆರ್‌ಎನ್‌ಎ ಬರಿದಾಗಿರುತ್ತದೆ. ಈ ಒಂದು ಚಿತ್ರವನ್ನು ಬಿಡಿಸಿ, ಸುತ್ತ ದಪ್ಪ ಗೆರೆ ಎಳೆದಿಡಿ.

ಈ ಬೆಸುಗೆ ಮಾಡುವುದು ದೊಡ್ಡ ಭಾಗದ 23ಎಸ್ ಆರ್‌ಎನ್‌ಎ. ರೈಬೋಸೋಮಿನಲ್ಲಿ ಐವತ್ತಕ್ಕೂ ಹೆಚ್ಚು ಪ್ರೋಟೀನುಗಳಿದ್ದರೂ, ಬಂಧ ಏರ್ಪಡುವ ಜಾಗವನ್ನು ಕಟ್ಟಿರುವುದು ಆರ್‌ಎನ್‌ಎ ಎಂದು 2000ದಲ್ಲಿ ಪ್ರಕಟವಾದ ಸ್ಫಟಿಕ ರಚನೆಗಳು ತೋರಿಸಿದವು. ರೈಬೋಸೋಮಿನ ರಚನೆಯನ್ನು ಬಿಡಿಸಿದ ಕೆಲಸಕ್ಕಾಗಿ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೋನಾಥ್ ಅವರಿಗೆ 2009ರ ರಸಾಯನಶಾಸ್ತ್ರ ನೊಬೆಲ್ ಬಂದಿತು. ‘ಪೆಪ್ಟಿಡೈಲ್ ಟ್ರಾನ್ಸ್‌ಫರೇಸ್’ ಎಂಬ ಹೆಸರು ಕೇಳಿ ಅದೊಂದು ಪ್ರೋಟೀನ್ ಕಿಣ್ವವೆಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ.

ಹಂತ 6: ಒಂದು ಕೋಡಾನ್ ಮುಂದಕ್ಕೆ

ಜಿಟಿಪಿ ಹಿಡಿದ ಇಎಫ್-ಜಿ ಬಂದು, ರೈಬೋಸೋಮ್ ಎಂ-ಆರ್‌ಎನ್‌ಎಯ ಮೇಲೆ ಸರಿಯಾಗಿ ಮೂರು ಅಕ್ಷರ 3′ ತುದಿಯ ಕಡೆಗೆ ಸರಿಯುವಂತೆ ಮಾಡುತ್ತದೆ. ಸರಪಳಿ ಹೊತ್ತ ಟಿ-ಆರ್‌ಎನ್‌ಎ ಎ ತಾಣದಿಂದ ಪಿ ತಾಣಕ್ಕೆ, ಬರಿದಾದದ್ದು ಪಿ ತಾಣದಿಂದ ಇ ತಾಣಕ್ಕೆ ಹೋಗುತ್ತದೆ. ಇ ತಾಣವೆಂದರೆ ಹೊರಹೋಗುವ ಬಾಗಿಲು. ಎ ತಾಣ ಮತ್ತೆ ಖಾಲಿಯಾಗಿ ಎಎಎ ಕೋಡಾನಿನ ಮೇಲೆ ನಿಲ್ಲುತ್ತದೆ. ಚಿತ್ರ ಬಿಡಿಸುವಾಗ ಟಿ-ಆರ್‌ಎನ್‌ಎಗಳನ್ನು ಅವುಗಳ ಕೋಡಾನಿನಿಂದ ಕಿತ್ತು ಸರಿಸಬೇಡಿ. ಟಿ-ಆರ್‌ಎನ್‌ಎ ಮತ್ತು ಕೋಡಾನ್ ಜೊತೆಯಾಗಿಯೇ ಇರುತ್ತವೆ, ಅವುಗಳ ಕೆಳಗೆ ತಾಣಗಳು ಬದಲಾಗುತ್ತವೆ.

4, 5, 6ನೆಯ ಹಂತಗಳನ್ನು ಲೈಸೀನ್, ಫಿನೈಲ್‌ಅಲನೀನ್ ಮತ್ತು ಗ್ಲೈಸೀನಿಗೆ ನೀವೇ ಮಾಡಿ ನೋಡಿ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೇಗವಾಗಿ ಬೆಳೆಯುವ ಇ. ಕೋಲಿಯಲ್ಲಿ ಈ ಸುತ್ತು ಸೆಕೆಂಡಿಗೆ 15ರಿಂದ 20 ಸಲ ನಡೆಯುತ್ತದೆ. ಸಾವಿರಕ್ಕಿಂತ ತುಸು ಹೆಚ್ಚು ಅಮೈನೊ ಆಮ್ಲಗಳ ಬೀಟಾ-ಗ್ಯಾಲಕ್ಟೋಸಿಡೇಸ್ ಸರಪಳಿಗೆ ಒಂದು ನಿಮಿಷದ ಆಸುಪಾಸು ಸಾಕು.

ಎಟಿಪಿ, ಜಿಟಿಪಿಗಳ ಖರ್ಚಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡಿ. ಐದು ಟಿ-ಆರ್‌ಎನ್‌ಎಗಳಿಗೆ ಹೊರಿಸಲು ಎರಡರಂತೆ 10, ಆರಂಭಕ್ಕೆ 1, ನಾಲ್ಕು ಬಂಧಗಳಿಗೆ ಇಎಫ್-ಟಿಯು ಕಡೆಯಿಂದ 4, ಇಎಫ್-ಜಿ ಕಡೆಯಿಂದ 4, ಒಟ್ಟು 19. ಐದು ಅಮೈನೊ ಆಮ್ಲಗಳಿಗೆ ಐದು ಬಂಧಗಳೆಂದು ಎಣಿಸುವುದು ಸಾಮಾನ್ಯ ತಪ್ಪು. ಬಂಧಗಳು ಯಾವಾಗಲೂ ಒಂದು ಕಡಿಮೆ.

ಹಂತ 7: ನಿಲುಗಡೆ ಮತ್ತು ಬಿಡುಗಡೆ

ಎ ತಾಣಕ್ಕೆ ಯುಎಎ ಬಂದಾಗ ಅದಕ್ಕೆ ಹೊಂದುವ ಟಿ-ಆರ್‌ಎನ್‌ಎ ಇರುವುದಿಲ್ಲ. ಬದಲಿಗೆ ಬಿಡುಗಡೆಯ ಪ್ರೋಟೀನ್ ಬಂದು ಕೂರುತ್ತದೆ: ಆರ್‌ಎಫ್1 ಯುಎಎ ಮತ್ತು ಯುಎಜಿಯನ್ನು, ಆರ್‌ಎಫ್2 ಯುಎಎ ಮತ್ತು ಯುಜಿಎಯನ್ನು ಗುರುತಿಸುತ್ತದೆ. ಅವು ನೀರಿನ ಅಣುವಿಗೆ ದಾರಿ ಮಾಡಿಕೊಡುತ್ತವೆ, ನೀರು ಸರಪಳಿಯನ್ನು ಪಿ ತಾಣದ ಟಿ-ಆರ್‌ಎನ್‌ಎಯಿಂದ ಕತ್ತರಿಸುತ್ತದೆ. ನಿಲುಗಡೆಯ ಕೋಡಾನ್ ಯಾವ ಅಮೈನೊ ಆಮ್ಲವನ್ನೂ ಸೇರಿಸುವುದಿಲ್ಲ, ಆದ್ದರಿಂದ ನಿಮ್ಮ ಸರಪಳಿಯಲ್ಲಿ ಐದೇ ಇರಬೇಕು.

ಇ. ಕೋಲಿಯ ಆರ್‌ಎಫ್2 ಜೀನಿನ ಒಳಗೇ, 26ನೆಯ ಕೋಡಾನಿನ ಜಾಗದಲ್ಲಿ, ಯುಜಿಎ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಆರ್‌ಎಫ್2 ಸಾಕಷ್ಟಿದ್ದರೆ ಅದು ಅಲ್ಲಿಯೇ ಅನುವಾದವನ್ನು ನಿಲ್ಲಿಸಿಬಿಡುತ್ತದೆ. ಕೊರತೆಯಾದಾಗ ರೈಬೋಸೋಮ್ ಒಂದು ಅಕ್ಷರ ಮುಂದಕ್ಕೆ ಜಾರಿ, ಹೊಸ ಚೌಕಟ್ಟಿನಲ್ಲಿ ಓದಿ, ಪೂರ್ಣ ಆರ್‌ಎಫ್2 ತಯಾರಿಸುತ್ತದೆ. ಎರಡನೆಯ ಹಂತದಲ್ಲಿ ನಾವು ತಪ್ಪೆಂದು ಕಂಡ ಚೌಕಟ್ಟಿನ ಜಾರುವಿಕೆಯನ್ನೇ ಕೋಶ ಇಲ್ಲಿ ಅಳತೆಗೋಲಾಗಿ ಬಳಸಿಕೊಂಡಿದೆ.

ಹಂತ 8: ಬಿಚ್ಚಿಡುವುದು

ಸರಪಳಿ ಹೋದ ಮೇಲೂ ರೈಬೋಸೋಮ್ ಎಂ-ಆರ್‌ಎನ್‌ಎಯ ಮೇಲೆಯೇ ಇರುತ್ತದೆ. ಆರ್‌ಆರ್‌ಎಫ್ ಎಂಬ ಪ್ರೋಟೀನ್ ಮತ್ತು ಇಎಫ್-ಜಿ ಸೇರಿ ಎರಡು ಭಾಗಗಳನ್ನು ಬೇರ್ಪಡಿಸುತ್ತವೆ, ಐಎಫ್3 ಅವು ಮತ್ತೆ ಅಂಟದಂತೆ ನೋಡಿಕೊಳ್ಳುತ್ತದೆ. ಹೊರಬಂದ ಸರಪಳಿಯ ಫಾರ್ಮೈಲ್ ಟೋಪಿಯನ್ನು ಸಾಮಾನ್ಯವಾಗಿ ಒಂದು ಕಿಣ್ವ ತೆಗೆಯುತ್ತದೆ. ಎರಡನೆಯ ಅಮೈನೊ ಆಮ್ಲ ಅಲನೀನಿನಂತೆ ಚಿಕ್ಕದಾಗಿದ್ದರೆ ಮೆಥಿಯೊನೀನನ್ನೂ ಇನ್ನೊಂದು ಕಿಣ್ವ ಕತ್ತರಿಸಿಹಾಕುತ್ತದೆ. ಎಲ್ಲ ಪ್ರೋಟೀನುಗಳೂ ಮೆಥಿಯೊನೀನಿನಿಂದ ಆರಂಭವಾಗಬೇಕಿತ್ತಲ್ಲ, ಇದರಲ್ಲಿ ಏಕಿಲ್ಲ ಎಂದು ಕೇಳುವವರಿಗೆ ಉತ್ತರ ಇದು.

ಚಿತ್ರವನ್ನು ನಿಜದ ಕೋಶಕ್ಕೆ ಹತ್ತಿರ ತರಬೇಕೆಂದಿದ್ದರೆ, ಅದೇ ಎಂ-ಆರ್‌ಎನ್‌ಎಯ ಮೇಲೆ ಸಾಲಾಗಿ ಇನ್ನಷ್ಟು ರೈಬೋಸೋಮುಗಳನ್ನು ಬಿಡಿಸಿ. ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರವಿಲ್ಲ, ಡಿಎನ್‌ಎಯಿಂದ ನಕಲು ಇನ್ನೂ ತಯಾರಾಗುತ್ತಿರುವಾಗಲೇ ಅದರ 5′ ತುದಿಯ ಕಡೆ ಓದು ಆರಂಭವಾಗಿರುತ್ತದೆ.

ಅರ್ಥವಾಗಿದೆಯೇ ಎಂದು ಪರೀಕ್ಷಿಸಿಕೊಳ್ಳುವುದು

ಅನುವಾದವನ್ನು ತಡೆಯುವ ಔಷಧಗಳನ್ನು ನಿಮ್ಮ ಹಾಳೆಯ ಮೇಲೆ ಒಂದೊಂದಾಗಿ ಇಟ್ಟು ನೋಡಿ. ಟೆಟ್ರಾಸೈಕ್ಲಿನ್ 30ಎಸ್ ಭಾಗಕ್ಕೆ ಅಂಟಿ ಟಿ-ಆರ್‌ಎನ್‌ಎ ಎ ತಾಣದಲ್ಲಿ ನೆಲೆಯಾಗದಂತೆ ಮಾಡುತ್ತದೆ, ಹೀಗಾಗಿ ಚಿತ್ರ ನಾಲ್ಕನೆಯ ಹಂತದಲ್ಲೇ ನಿಲ್ಲಬೇಕು. ಕ್ಲೋರಾಂಫೆನಿಕಾಲ್ ಬೆಸುಗೆಯ ಜಾಗಕ್ಕೇ ಅಂಟುತ್ತದೆ, ಅದು ಐದನೆಯ ಹಂತ. ಫ್ಯುಸಿಡಿಕ್ ಆಮ್ಲ ಇಎಫ್-ಜಿ ರೈಬೋಸೋಮನ್ನು ಬಿಟ್ಟು ಹೋಗದಂತೆ ಹಿಡಿದಿಡುತ್ತದೆ, ಅದು ಆರನೆಯದು.

ಕಠಿಣವಾದದ್ದು ಪ್ಯೂರೋಮೈಸಿನ್. ಇದರ ಅಣು, ಅಮೈನೊ ಆಮ್ಲ ಹೊತ್ತ ಟಿ-ಆರ್‌ಎನ್‌ಎಯ ತುದಿಯನ್ನಷ್ಟೇ ಹೋಲುತ್ತದೆ. ಕೋಡಾನನ್ನು ಹಿಡಿಯಬೇಕಾದ ಉಳಿದ ಟಿ-ಆರ್‌ಎನ್‌ಎ ಅದಕ್ಕಿಲ್ಲ. ಅದು ಎ ತಾಣಕ್ಕೆ ಬಂದರೆ ಸರಪಳಿ ಏನಾಗುತ್ತದೆ? ಹೊಸ ಅಮೈನೊ ಆಮ್ಲವೇ ಸರಪಳಿಯ ಕಡೆಗೆ ಹಾರುತ್ತದೆಂದು ಈಗಲೂ ನಂಬಿದ್ದರೆ, ಪ್ಯೂರೋಮೈಸಿನ್ ಪಿ ತಾಣದ ಸರಪಳಿಗೆ ಸೇರಿಕೊಂಡು ಅಲ್ಲೇ ಉಳಿಯುತ್ತದೆ ಎಂದು ಬರೆಯುತ್ತೀರಿ. ದಪ್ಪ ಗೆರೆಯೊಳಗಿನ ಚಿತ್ರವನ್ನು ನೋಡಿಕೊಂಡು ಬಿಡಿಸಿದರೆ ಸರಪಳಿ ಪ್ಯೂರೋಮೈಸಿನಿನ ಮೇಲಕ್ಕೆ ವರ್ಗವಾಗುತ್ತದೆ. ಹಿಡಿದುಕೊಳ್ಳಲು ಅದಕ್ಕೆ ಪ್ರತಿಕೋಡಾನ್ ಇಲ್ಲದ ಕಾರಣ ಅರ್ಧಂಬರ್ಧ ಸರಪಳಿಯೊಂದಿಗೆ ರೈಬೋಸೋಮಿನಿಂದ ಕಳಚಿಕೊಂಡು ಹೋಗುತ್ತದೆ. ಪ್ರಯೋಗಾಲಯದಲ್ಲಿ ಕಂಡುಬರುವುದೂ ಇದೇ: ಅರ್ಧಕ್ಕೆ ನಿಂತ ಸರಪಳಿಗಳು, ಪ್ರತಿಯೊಂದರ ಕೊನೆಯಲ್ಲೂ ಒಂದು ಪ್ಯೂರೋಮೈಸಿನ್.